ಆರ್ ಸೇತುವೆಗೆ ಬಿದ್ದ ಬೆಸುಗೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳಲಿ. ಈ ಊರಿನಲ್ಲಿ ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿಯೂ ಕೋಪ ಬಾರದಿದ್ದರೆ ಅಂಥವರ ಮೈಯಲ್ಲಿ ಹರಿಯುವುದು ರಕ್ತವಲ್ಲ, ನೀರು ಮಜ್ಜಿಗೆ. ದಾಕ್ಷಾಯಿಣಿಯ ಮದುವೆಯ ವಿಷಯದಲ್ಲಿ ಪುರಸಭೆಯವರು ನಡೆದುಕೊಂಡ ರೀತಿ ಕೇಳಿದರೆ ನಿಮಗೂ ಬರುತ್ತದೆ. ಬಾರದಿದ್ದರೆ ನೀವು ಆಚೆ ದಡದವರೆಂದು ತಿಳಿದುಕೊಳ್ಳುತ್ತೇನೆ.

ನಮ್ಮೂರನ್ನು ಹೊಳೆಯೊಂದು ನಡುವೆ ಸೀಳಿಕೊಂಡು ಹೋಗಿದೆ. ಈಚೆ ದಡದಲ್ಲಿ ನಾವು, ನಮ್ಮ ಮನೆ, ಅಂಗಡಿ, ಶಾಲೆ. ಆಚೆ ದಡದಲ್ಲಿ ಪುರಸಭೆ, ಅದರ ಹಿಂದೆ ದೊಡ್ಡವರ ಬಂಗಲೆಗಳು. ನಡುವೆ ಕಬ್ಬಿಣದ ಸೇತುವೆಗಳು. ಬೇರೆ ಊರಿನವರು ಸೇತುವೆಗೆ ದೇವರ ಹೆಸರನ್ನೋ ಸತ್ತವರ ಹೆಸರನ್ನೋ ಇಡುತ್ತಾರೆ. ನಮ್ಮವಕ್ಕೆ ಇರುವುದು ಇಂಗ್ಲಿಷಿನ ಕಂಜಂಕ್ಷನ್‌ಗಳ ಹೆಸರು: ಆ್ಯಂಡ್, ಬಟ್, ಆರ್, ಬಿಕಾಸ್, ಇಫ್. ಕಂಜಂಕ್ಷನ್ ಎಂದರೆ ಎರಡು ಮಾತನ್ನು ಜೋಡಿಸುವ ಪದ ಎಂದು ಶಾಲೆಯ ಪುಸ್ತಕದಲ್ಲಿದೆ. ನಮ್ಮೂರಿನಲ್ಲಿ ಶಾಲೆಯ ಮುಖ ನೋಡದವರಿಗೂ ಅದು ಗೊತ್ತು. ಬದುಕಿನಲ್ಲಿ ಒಂದೇ ಸಾಕು ಎನ್ನುವವರಿಗೆ ಯಾವ ಸೇತುವೆಯೂ ಬೇಡ. ಎರಡು ಬೇಕು ಎಂದವರು ಮಾತ್ರ ಗೇಟಿಗೆ ಹೋಗಿ ಆ ಎರಡನ್ನೂ ಹೇಳಬೇಕು. ಸೇತುವೆ ದಾಟದೆ ಇಟ್ಟುಕೊಂಡರೆ ಎರಡೂ ಕೈಜಾರಿ ಹೋಗುತ್ತವೆ. ಈ ಹೊಳೆಯ ನೀರಿನ ಗುಣವೇ ಅದು. ಗೇಟಿನ ಗುಮಾಸ್ತ ಶೇಷಗಿರಿ ಬಂದವರ ಮುಖ ನೋಡಿ ಒಂದು ಸೇತುವೆಯ ಹೆಸರು ಹೇಳುತ್ತಾನೆ. ಮುಂದಿನ ಹುಣ್ಣಿಮೆಯ ಬೆಳಗ್ಗೆ ಆ ಸೇತುವೆಯ ಮೇಲೆ ನಿಂತು, ಮೊದಲು ಬೇಕಾದದ್ದು, ಆಮೇಲೆ ಸೇತುವೆಯ ಹೆಸರು, ಆಮೇಲೆ ಎರಡನೆಯದು, ಹೀಗೆ ಗಟ್ಟಿಯಾಗಿ ಹೇಳಿ ನಡೆಯಬೇಕು. ನಡುವಿನ ಪದ ಸ್ಪಷ್ಟವಾಗಿ ಬಂತು ಎಂದು ಇಂಗ್ಲಿಷ್ ಟೀಚರ್ ಸಾಕ್ಷಿ ಹೇಳಬೇಕು, ಇಲ್ಲದಿದ್ದರೆ ನಡೆದದ್ದು ಲೆಕ್ಕಕ್ಕಿಲ್ಲ, ಎರಡೂ ಹೋದ ಹಾಗೆ. ಆ ಟೀಚರ್ ನಾನೇ, ಕಾತ್ಯಾಯಿನಿ. ಬಿಟ್ಟಿ ಚಾಕರಿ. ಆಚೆ ದಡದಿಂದ ಒಂದು ಲೋಟ ಕಾಫಿ ಕೂಡ ಬಂದದ್ದಿಲ್ಲ.

ಆ್ಯಂಡ್ ಸೇತುವೆ ಅಗಲವಾದದ್ದು, ಎರಡು ಲಾರಿ ಒಟ್ಟಿಗೆ ಹೋಗಬಹುದು. ಅದರ ಮೇಲೆ ನಡೆದವರಿಗೆ ಕೇಳಿದ ಎರಡೂ ಸಿಗುತ್ತವೆ. ಬಟ್ ಸೇತುವೆ ಅರ್ಧ ಹೊಳೆಯವರೆಗೆ ಹೋಗಿ, ಬಳಸಿಕೊಂಡು ಈಚೆ ದಡಕ್ಕೇ ತಿರುಗಿ ಬರುತ್ತದೆ. ತಕರಾರು ಇದ್ದವರು ಆ ತಿರುವಿನಲ್ಲಿ ನಿಂತು ಕೂಗಬಹುದು, ಆಚೆಯವರು ಕೈ ಬೀಸುತ್ತಾರೆ, ನಾವು ಮನೆಗೆ ಬರುತ್ತೇವೆ. ಆ ಸೇತುವೆಯನ್ನು ನಾನು ಸವೆಸಿದಷ್ಟು ಇನ್ಯಾರೂ ಸವೆಸಿಲ್ಲ. ಬಿಕಾಸ್ ಸೇತುವೆಗೆ ಮೆಟ್ಟಿಲುಗಳಿವೆ, ಅವು ನೀರಿಗೆ ಇಳಿಯುತ್ತವೆ. ಕಾರಣ ಹೇಳುತ್ತಾ ಹೋದಷ್ಟೂ ಒದ್ದೆಯಾಗುತ್ತೀರಿ. ಇಫ್ ಸೇತುವೆ ಇನ್ನೂ ಅರ್ಧವೇ ಆಗಿರುವುದು, ಅನುದಾನ ಬಂದರೆ ಉಳಿದದ್ದು. ಇನ್ನು ಆರ್. ಆರ್ ಎಂದರೆ ಇದು, ಇಲ್ಲವೇ ಅದು. ಆ ಸೇತುವೆ ನಡುಹೊಳೆಯಲ್ಲಿ ಎರಡು ಕವಲಾಗುತ್ತದೆ. ನೀವು ಒಂದು ಕವಲಿನ ಮೇಲೆ ಕಾಲಿಟ್ಟ ಕೂಡಲೇ ಇನ್ನೊಂದು ಕಿರುಗುಟ್ಟುತ್ತಾ ಹಿಂದೆ ಸರಿದು ಇಲ್ಲವಾಗುತ್ತದೆ. ಅದರ ಜೊತೆಗೆ, ನೀವು ಬಿಟ್ಟದ್ದು ನಿಮ್ಮೊಳಗಿನಿಂದಲೂ ಹೋಗಿಬಿಡುತ್ತದೆ. ಮುಂದಿನ ಹುಣ್ಣಿಮೆಗೆ ಕವಲು ಮತ್ತೆ ಬಂದು ನಿಂತಿರುತ್ತದೆ, ಆದರೆ ಅದು ಬೇರೆಯವರಿಗೆ.

ಓಲಗದ ದಾಸಪ್ಪನನ್ನು ಕೇಳಿ ನೋಡಿ. ಅವನ ಓಲಗ ಕೇಳಿ ಮದುಮಕ್ಕಳು ತಾಳಿಯನ್ನೇ ಮರೆತು ನಿಲ್ಲುತ್ತಿದ್ದರಂತೆ. ಹೊಟ್ಟೆಪಾಡಿಗೆಂದು ಪುರಸಭೆಯ ನೀರುಗಂಟಿ ಕೆಲಸವನ್ನೂ ಕೇಳಿದ. ಶೇಷಗಿರಿ ಆರ್ ಎಂದ. ಮನೆಯಲ್ಲಿ ಮಕ್ಕಳ ಹೊಟ್ಟೆ ಹಸಿದಿತ್ತು, ದಾಸಪ್ಪ ಕೆಲಸದ ಕವಲಿಗೆ ಕಾಲಿಟ್ಟ. ಈಗಲೂ ಅವನ ಓಲಗ ಗೋಡೆಯ ಮೊಳೆಗೆ ತೂಗುತ್ತಿದೆ. ಕೈಗೆ ಕೊಟ್ಟರೆ ತಿರುಗಿಸಿ ನೋಡುತ್ತಾನೆ, "ಇದ್ಯಾವ ಕೊಳವೆ ಟೀಚರೇ, ನಲ್ಲಿಗೆ ಹಾಕೋದಾ?" ಎನ್ನುತ್ತಾನೆ. ನಗುನಗುತ್ತಾ ಕೇಳುತ್ತಾನೆ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದೇನಲ್ಲ. ವಯಸ್ಸಿನಲ್ಲಿದ್ದಾಗ ನಾನು ಗೇಟಿಗೆ ಹೋಗಿ ಟೀಚರ್ ಕೆಲಸ ಬೇಕು, ಒಬ್ಬರನ್ನು ಮದುವೆಯಾಗಬೇಕು ಎಂದಿದ್ದೆ. ಆಗಿನ ಗುಮಾಸ್ತ ಆರ್ ಎಂದ. ಅದೇ ದಿನ, ಅದೇ ಗೇಟಿನಲ್ಲಿ, ಲೆಕ್ಕದ ರಾಮಭದ್ರ ಮೇಷ್ಟ್ರು ಕೆಲಸ ಬೇಕು, ಮದುವೆ ಬೇಕು ಎಂದರು. ಅವರಿಗೆ ಆ್ಯಂಡ್. ಓಲಗ ಊದಿಸಿಕೊಂಡು ಅಗಲ ಸೇತುವೆಯ ಮೇಲೆ ನಡೆದುಹೋದರು. ನಾನು ಕೆಲಸದ ಕವಲಿಗೆ ಕಾಲಿಟ್ಟೆ. ನಾನು ಬಿಟ್ಟವರು ಯಾರು ಎಂದು ನನಗೆ ಗೊತ್ತಿಲ್ಲ. ಹೆಸರು ನೆನಪಿಲ್ಲ, ಮುಖ ನೆನಪಿಲ್ಲ. ಗುಂಗುರು ಕೂದಲಿತ್ತು, ಕಾತೀ ಎಂದು ಕರೆಯುತ್ತಿದ್ದರು ಎಂದು ನನ್ನ ತಂಗಿ ಹೇಳುತ್ತಾಳೆ. ಬೇರೆ ಯಾರದೋ ಕಥೆ ಕೇಳಿದ ಹಾಗೆ ಕೇಳುತ್ತೇನೆ.

ಮೊದಮೊದಲು ಇದನ್ನೆಲ್ಲ ನಾನು ಹಣೆಬರಹ ಎಂದುಕೊಂಡಿದ್ದೆ. ಸಾಕ್ಷಿ ಹೇಳಲು ಗೇಟಿನ ಹತ್ತಿರ ನಿಂತು ನಿಂತು ಗೊತ್ತಾಯಿತು, ಬರಹ ಹಣೆಯದಲ್ಲ, ಶೇಷಗಿರಿಯದು. ಪುರಸಭೆ ಅಧ್ಯಕ್ಷ ಮುರುಗೇಂದ್ರಪ್ಪನವರು ಅಕ್ಕಿ ಗಿರಣಿ ಆ್ಯಂಡ್ ಪೆಟ್ರೋಲ್ ಬಂಕ್ ಎಂದು ನಡೆದರು. ಆಮೇಲೆ ಹೆಂಡತಿ ಆ್ಯಂಡ್ ಇನ್ನೊಬ್ಬಳು ಎಂದು ನಡೆದರು. ಅವರ ಅಕ್ಕನ ಮಗ ವಾಮದೇವನಿಗೆ ಬಸ್‌ಸ್ಟ್ಯಾಂಡಿನ ಕಂಟ್ರಾಕ್ಟೂ ಬೇಕಿತ್ತು, ಸಂತೆಮಾಳವೂ ಬೇಕಿತ್ತು. ಎರಡೂ ಸಿಕ್ಕವು. ಅವನ ಇಂಗ್ಲಿಷ್ ಎಷ್ಟು ಚೆಂದವೆಂದರೆ ಆ್ಯಂಡ್ ಎನ್ನುವಷ್ಟರಲ್ಲಿ ಮೂರು ಸಲ ತೊದಲಿದ. ನಾನು ಸ್ಪಷ್ಟವಾಗಿಲ್ಲ ಎಂದೆ. ಟೀಚರ್‌ಗೆ ಕಿವಿ ಮಂದ ಎಂದು ಶೇಷಗಿರಿ ಬಿಟ್ಟುಕಳಿಸಿದ. ಅದೇ ಹೆಂಗಸರು, ಬಡವರು, ಗಂಡ ಸತ್ತವರು, ಹೇಳುಕೇಳುವವರಿಲ್ಲದವರು ಬಂದರೆ ಆರ್. ಯಾವಾಗಲೂ ಆರ್. ಉಳ್ಳವರಿಗೆ ಮೇಲಿಂದ ಮೇಲೆ, ಇಲ್ಲದವರಿಗೆ ಇದ್ದುದರಲ್ಲೇ ಕಡಿತ.

ದಾಕ್ಷಾಯಿಣಿ ನಮ್ಮ ಬೀದಿಯ ಕೊನೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ. ಕೆಲಸ ಕಲಿಸಿದ್ದು ಗಂಡ. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ ಅತ್ತೆ ಅಂಗಡಿಗೆ ಬೀಗ ಹಾಕಲು ಬಂದಾಗ, ಇವಳು ಬೀಗವನ್ನೇ ಬಾಗಿಲಿಗೆ ಬೆಸೆದು, "ಈಗ ಇದು ತೆಗೆಯೋದೂ ಇಲ್ಲ, ಹಾಕೋದೂ ಇಲ್ಲ, ಹೋಗಿ ಅತ್ತೆ" ಎಂದವಳು. ಊರಿನ ಯಾವ ಗೇಟು, ಗ್ರಿಲ್ಲು, ನೇಗಿಲು ಮುರಿದರೂ ಅವಳ ಹತ್ತಿರವೇ ಬರಬೇಕು. ಮುಂಗೈ ತುಂಬ ಕಿಡಿ ಹಾರಿದ ಚುಕ್ಕೆಗಳು. ಅದರ ಮೇಲೆ ಡಜನ್ ಬಳೆ. ತಗ್ಗಿ ಬಗ್ಗಿ ಮಾತಾಡುವ ಜಾಯಮಾನವೇ ಅವಳದಲ್ಲ, ತನ್ನ ಬೆಸುಗೆಯನ್ನು ತಾನೇ ಹೊಗಳಿಕೊಳ್ಳುತ್ತಾಳೆ. "ನಾನು ಹಾಕಿದ್ದು ಬಿಡೋದು ಅಂದ್ರೆ ಕಬ್ಬಿಣ ಮೊದಲು ಬಿಡ್ಬೇಕು" ಎನ್ನುತ್ತಾಳೆ.

ಇಂಥವಳಿಗೆ ನಿಂಗರಾಜು ಹೇಗೆ ಗಂಟುಬಿದ್ದ ಎಂದು ಎಲ್ಲರಿಗೂ ಆಶ್ಚರ್ಯ. ನಿಂಗರಾಜು ನಮ್ಮೂರ ಬಸ್ಸಿನ ಕಂಡಕ್ಟರ್. "ಟಿಕೆಟ್, ಟಿಕೆಟ್" ಎನ್ನುವುದನ್ನು ಬಿಟ್ಟರೆ ಅವನ ಬಾಯಿಂದ ಜೋರಾಗಿ ಒಂದು ಮಾತು ಬಂದದ್ದನ್ನು ಕೇಳಿದವರಿಲ್ಲ. ಬಸ್ಸಿನ ಸೀಟಿನ ಕಂಬಿ ಮುರಿದಾಗ ಅಂಗಡಿಗೆ ಬಂದ. ಆಮೇಲೆ ಆ ಬಸ್ಸಿನಲ್ಲಿ ಕಂಬಿಗಳು ವಾರಕ್ಕೊಂದರಂತೆ ಮುರಿಯತೊಡಗಿದವು. ಡ್ರೈವರ್ ತಾಳಲಾರದೆ, "ಮಾರಾಯ, ಹೋಗಿ ಕೇಳು, ಇಲ್ದಿದ್ರೆ ಜನ ನಿಂತ್ಕೊಂಡೇ ಹೋಗ್ಬೇಕಾಗುತ್ತೆ" ಎಂದನಂತೆ. ಕೇಳಿದ. ಅವಳು ಮುಖಕವಚ ಮೇಲೆತ್ತಿ, "ಇಷ್ಟು ಹೊತ್ತು ಬೇಕಾಯ್ತಾ?" ಎಂದಳಂತೆ.

ಇಬ್ಬರೂ ಗೇಟಿಗೆ ಹೋದ ದಿನ ನಾನೂ ಅಲ್ಲೇ ಇದ್ದೆ.

"ಏನೇನು ಬೇಕು?" ಎಂದ ಶೇಷಗಿರಿ. ಬಾಯಲ್ಲಿ ಎಲೆ ಅಡಿಕೆ.

"ನನ್ನ ಅಂಗಡಿ ಬೇಕು. ಇವ್ರು ಬೇಕು" ಎಂದು ದಾಕ್ಷಾಯಿಣಿ ನಿಂಗರಾಜುವಿನ ತೋಳು ಹಿಡಿದು ಮುಂದಕ್ಕೆ ಎಳೆದಳು.

"ಗಂಡ ಸತ್ತೋಳಲ್ವಾ ನೀನು?"

"ಹೌದು, ಅವ್ರು ಸತ್ರು. ನಾನು ಸತ್ತಿಲ್ಲ."

ಶೇಷಗಿರಿ ಪಕ್ಕಕ್ಕೆ ಉಗಿದು ಬಾಯಿ ಒರೆಸಿಕೊಂಡ. "ಆರ್" ಎಂದ.

"ಯಾಕ್ರೀ ಆರ್?" ನಾನು ಮುಂದೆ ನುಗ್ಗಿದೆ. "ಅವಳ ಅಂಗಡಿ ಯಾರಿಗೆ ಅಡ್ಡ ಬಂದಿದೆ? ಅವಳ ಮದುವೆ ಯಾರ ಗಂಟು ತಿಂತು?"

"ಪದ್ಧತಿ ಟೀಚರೇ. ಗಂಡ ಸತ್ತೋರಿಗೆ ಆರ್ ಕೊಡೋದು ಪದ್ಧತಿ."

"ಹೆಂಡ್ತಿ ಸತ್ತೋರಿಗೆ?"

"ಅವ್ರಿಗೆ ಮಕ್ಕಳು ಮರಿ ನೋಡ್ಕೊಳ್ಳೋಕೆ ಜನ ಬೇಕಲ್ವಾ, ಆ್ಯಂಡ್ ಕೊಡ್ತೀವಿ" ಎಂದ. ಮುಖದಲ್ಲಿ ಒಂದು ಚೂರು ನಾಚಿಕೆಯಾದರೂ ಇತ್ತೇ? ಇಲ್ಲ.

ನಾನು ಅಲ್ಲಿಂದಲೇ ನೇರ ಬಟ್ ಸೇತುವೆ ಹತ್ತಿದೆ. ತಿರುವಿನಲ್ಲಿ ನಿಂತು, ಗಂಟಲು ಹರಿದು ಹೋಗುವ ಹಾಗೆ ಕೂಗಿದೆ. ಆಚೆ ದಡದಲ್ಲಿ ಮುರುಗೇಂದ್ರಪ್ಪನವರು ವೃತ್ತಪತ್ರಿಕೆ ಓದುತ್ತಾ ಕುರ್ಚಿಯಲ್ಲಿ ಕೂತಿದ್ದರು. ತಲೆ ಎತ್ತಿ, "ಏನಮ್ಮಾ ಮತ್ತೆ ನೀವೇನಾ? ಆಯ್ತಾಯ್ತು, ನೋಡೋಣ" ಎಂದು ಕೈ ಬೀಸಿದರು. ಪುಟ ಮಗುಚಿದರು. ಸೇತುವೆ ನನ್ನನ್ನು ಬಳಸಿಕೊಂಡು ತಂದು ನಮ್ಮ ದಡದಲ್ಲೇ ಇಳಿಸಿತು. ಮಂಡಿನೋವೊಂದು ಬಂದ ಲಾಭ.

ಆ ಸಂಜೆಯಿಂದ ದಾಕ್ಷಾಯಿಣಿ ಅಂಗಡಿ ಮುಗಿಸಿ ನಮ್ಮ ಜಗಲಿಗೆ ಬರತೊಡಗಿದಳು. ಪದ ಸ್ಪಷ್ಟವಾಗಿ ಬಾರದಿದ್ದರೆ ಎರಡೂ ಹೋಗುತ್ತವಲ್ಲ, ಅದನ್ನು ಕಲಿಯಬೇಕಿತ್ತು. ಒಂದೇ ಪದ ಕಲಿತು ಹೋಗುವವಳಲ್ಲ ಅವಳು, ಎಲ್ಲವನ್ನೂ ಹೇಳಿಕೊಡಿ ಎಂದಳು. ನಾನು ಹೇಳಿಕೊಟ್ಟದ್ದನ್ನು ತನ್ನ ಕಬ್ಬಿಣಕ್ಕೆ ಹೊಂದಿಸಿಕೊಂಡು ನೆನಪಿಟ್ಟುಕೊಳ್ಳುತ್ತಿದ್ದಳು.

"ಇಫ್ ಅಂದ್ರೆ ಚಿಲಕ. ಅದು ತೆಗೆದ್ರೆ ಬಾಗಿಲು. ಬಿಕಾಸ್ ಅಂದ್ರೆ ಕೆಳಗಡೆ ಆನಿಸೋ ಕಂಬಿ. ಬಟ್ ಅಂದ್ರೆ ನಮ್ಮತ್ತೆ."

"ಅದ್ಯಾಕೇ?"

"ನೀವೇ ಹೇಳಿದ್ರಲ್ಲ, ಮೊದಲು ಹೇಳಿದ್ದಕ್ಕೆ ಅಡ್ಡ ಹಾಕೋದು ಅಂತ. ನಮ್ಮತ್ತೆ ಬಾಯಿ ತೆಗೆದ್ರೆ ಬರೋದೇ ಅದು. ಆ್ಯಂಡ್ ಅಂದ್ರೆ ಬೆಸುಗೆ, ಅದು ಬಿಡಿ. ಆರ್ ಅಂದ್ರೆ ಕತ್ತರಿಸೋದು."

"ಕತ್ತರಿಸೋದಲ್ಲ ಕಣೆ, ಅದೂ ಕಂಜಂಕ್ಷನ್ನೇ. ಜೋಡಿಸೋ ಪದವೇ."

ಅವಳು ಕೈಯಲ್ಲಿದ್ದ ಚಕ್ಕುಲಿಯನ್ನು ತಟ್ಟೆಗಿಟ್ಟಳು. "ಜೋಡಿಸೋದಾ? ಜೋಡಿಸ್ಬೇಕಾದ್ರೆ ಎರಡೂ ಇರ್ಬೇಕಲ್ವಾ ಟೀಚರೇ? ಒಂದನ್ನ ಹೊಳೆಗೆ ಬಿಟ್ಬಿಟ್ಟು ಇನ್ನೊಂದನ್ನ ಯಾವುದಕ್ಕೆ ಜೋಡಿಸ್ತಾರೆ?"

ಅದಕ್ಕೆ ಉತ್ತರ ಹೇಳಬೇಕಾದವರು ಆಚೆ ದಡದಲ್ಲಿ ಪೇಪರ್ ಓದುತ್ತಾ ಕೂತಿದ್ದರು.

ಅಷ್ಟು ದಿಟ್ಟ ಹೆಂಗಸು ಒಂದೇ ಒಂದು ಸಂಜೆ ಅತ್ತದ್ದನ್ನು ನಾನು ಕಂಡೆ. "ಅಂಗಡಿ ಬಿಟ್ರೆ ನನ್ನ ಕೈಗೆ ಕೆಲಸ ಮರೆತು ಹೋಗುತ್ತೆ. ವೆಲ್ಡಿಂಗ್ ಟಾರ್ಚ್ ಹಿಡಿದ್ರೆ ಇದ್ಯಾವ ಕೊಳವೆ ಅಂತೀನಿ, ದಾಸಪ್ಪನ ಹಂಗೆ. ಅವ್ರನ್ನ ಬಿಟ್ರೆ ನಾಳೆ ಬಸ್ಸು ಹತ್ತಿದಾಗ ಟಿಕೆಟ್ ಕೇಳ್ತಾರೆ, ನಾನು ಚಿಲ್ಲರೆ ಕೊಟ್ಟು ಕಿಟಕಿ ಕಡೆ ನೋಡ್ತೀನಿ. ಯಾವುದನ್ನ ಬಿಡ್ಲಿ ಟೀಚರೇ? ನೀವು ಹೇಳಿ, ಯಾವುದು ಬಿಟ್ರೆ ಕಡಿಮೆ ನೋವು?"

"ನೋವೇ ಆಗಲ್ಲ ಕಣೇ. ಅದೇ ಅನ್ಯಾಯ. ಕಳ್ಕೊಂಡಿದ್ದೀನಿ ಅಂತ ಅಳೋಕೂ ಬಿಡಲ್ಲ ಇವ್ರು" ಎಂದೆ.

ಹುಣ್ಣಿಮೆಗೆ ಕೆಲವು ದಿನ ಇರುವಾಗ ಪುರಸಭೆಯಿಂದ ಅವಳಿಗೆ ಹೇಳಿಕಳಿಸಿದರು. ಕೇಳಿದರೆ ನೀವು ನಂಬುವುದಿಲ್ಲ. ವಾಮದೇವನ ಮದುವೆಯ ಮೆರವಣಿಗೆ ಅದೇ ಹುಣ್ಣಿಮೆಗೆ ಆ್ಯಂಡ್ ಸೇತುವೆಯ ಮೇಲೆ ಹೋಗಬೇಕಂತೆ, ಕಟಕಟೆ ಸಡಿಲವಾಗಿದೆಯಂತೆ, ದಾಕ್ಷಾಯಿಣಿ ಬಂದು ಬೆಸೆದು ಕೊಡಬೇಕಂತೆ! ಯಾವ ಸೇತುವೆಯ ಮೇಲೆ ಅವಳಿಗೆ ಕಾಲಿಡಲು ಬಿಡಲಿಲ್ಲವೋ ಅದೇ ಸೇತುವೆಯನ್ನು ಅವಳೇ ಗಟ್ಟಿ ಮಾಡಿಕೊಡಬೇಕು. ಕರೆಂಟಿಗೆಂದು ಪುರಸಭೆಯ ಜನರೇಟರನ್ನು ತಂದು ದಡದಲ್ಲಿ ನಿಲ್ಲಿಸಿದರು. ಉಪಕಾರ ಮಾಡಿದವರ ಹಾಗೆ.

"ಹೋಗ್ಬೇಡ" ಎಂದೆ ನಾನು. "ಕಟಕಟೆ ಮುರಿದು ದಿಬ್ಬಣವೆಲ್ಲ ಹೊಳೆಗೆ ಬೀಳಲಿ. ನಾನು ದಡದಲ್ಲಿ ನಿಂತು ಅಕ್ಷತೆ ಹಾಕ್ತೀನಿ."

"ಹೋಗ್ತೀನಿ ಟೀಚರೇ" ಎಂದಳು. ಮುಖದಲ್ಲಿ ಏನೋ ಒಂದು ಕಳೆ ಇತ್ತು. "ಕೆಲಸ ಜಾಸ್ತಿ ಇದೆ, ಹುಣ್ಣಿಮೆ ಬೆಳಗ್ಗೆವರೆಗೂ ಜನರೇಟರ್ ಅಲ್ಲೇ ಇರ್ಲಿ ಅಂತ ಹೇಳಿ ಒಪ್ಪಿಸಿದ್ದೀನಿ."

ಬೆಸುಗೆ ಹಾಕಲು ಅವಳು ಬೇಕು, ನಡೆಯಲು ಬೇಡ. ದಿನವಿಡೀ ಅವಳು ಬಿಸಿಲಿನಲ್ಲಿ ಆ್ಯಂಡ್ ಸೇತುವೆಯ ಮೇಲೆ ಕೂತು ಕಿಡಿ ಹಾರಿಸುತ್ತಿದ್ದಳು. ಶೇಷಗಿರಿ ಮಾತ್ರ ಪಕ್ಕದಲ್ಲೇ ನಿಂತು, ಅವಳು ಪೂರ್ತಿ ಆಚೆಗೆ ದಾಟದಂತೆ ಕಾಯುತ್ತಿದ್ದ.

ಹುಣ್ಣಿಮೆಯ ಬೆಳಗ್ಗೆ ಊರೆಲ್ಲ ದಡದಲ್ಲಿ ನೆರೆದಿತ್ತು. ಅತ್ತ ಆ್ಯಂಡ್ ಸೇತುವೆಗೆ ಬಾಳೆಕಂದು, ಚೆಂಡುಹೂವಿನ ಸರ. ಇತ್ತ ಆರ್ ಸೇತುವೆಯ ಬುಡದಲ್ಲಿ ನಾನು, ನನ್ನ ಕೊಡೆ. ದಾಕ್ಷಾಯಿಣಿ ಕೆಂಪು ಸೀರೆಯುಟ್ಟು, ಮುಖಕವಚವನ್ನು ಕಿರೀಟದಂತೆ ತಲೆಯ ಮೇಲಕ್ಕೆ ಸರಿಸಿಕೊಂಡು ಬಂದಳು. ಹಿಂದೆ ನಿಂಗರಾಜು ತಳ್ಳುಗಾಡಿ ನೂಕಿಕೊಂಡು ಬರುತ್ತಿದ್ದ. ಗಾಡಿಯಲ್ಲಿ ದಪ್ಪ ಕಬ್ಬಿಣದ ಹಲಗೆ, ಸಲಾಕೆಗಳು, ಜನರೇಟರಿನಿಂದ ಎಳೆದುಕೊಂಡು ಬಂದ ಉದ್ದನೆಯ ಕೇಬಲ್ಲು.

"ಇದೆಲ್ಲ ಏನು?" ಎಂದ ಶೇಷಗಿರಿ.

"ಕಟಕಟೆಗೆ ತಂದಿದ್ದು ಉಳೀತು. ವಾಪಸ್ ಒಯ್ಯೋದಿದೆ" ಎಂದಳು. ಅವನಿಗೆ ಅತ್ತ ದಿಬ್ಬಣದ ಊಟದ ಮೇಲೆ ಗಮನ. ಬಿಟ್ಟುಬಿಟ್ಟ.

ಇಬ್ಬರೂ ಕವಲಿನವರೆಗೆ ಹೋಗಿ ನಿಂತರು. ನಾನು ಹಿಂದೆಯೇ ಹೋದೆ. ಎಡಗವಲು ಅಂಗಡಿಯದು, ಬಲಗವಲು ನಿಂಗರಾಜುವಿನದು. ಅವಳು ಎರಡರ ಮೇಲೂ ಕಾಲಿಡಲಿಲ್ಲ. ಮಂಡಿಯೂರಿ ಕೂತು, ಕಬ್ಬಿಣದ ಹಲಗೆಯನ್ನು ಎರಡು ಕವಲಿಗೂ ಅಡ್ಡವಾಗಿ ಮುಂದಕ್ಕೆ ಜಾರಿಸಿದಳು. ಸಲಾಕೆಗಳನ್ನು ಕತ್ತರಿಯಂತೆ ಅದರಡಿಗೆ ಕೊಟ್ಟಳು. ಕಾಲಿಟ್ಟರೆ ಕವಲು ಸರಿಯುತ್ತದೆ ಎಂದು ಪದ್ಧತಿಯಿತ್ತು. ಕಬ್ಬಿಣ ಇಡಬಾರದು ಎಂದು ಯಾರೂ ಹೇಳಿರಲಿಲ್ಲ, ಯಾಕೆಂದರೆ ಯಾರಿಗೂ ಅದು ಹೊಳೆದಿರಲಿಲ್ಲ. ಮುಖಕವಚ ಕೆಳಗಿಳಿಸಿದಳು.

"ಕಣ್ಣು ಮುಚ್ಕೊಳ್ಳಿ ಎಲ್ರೂ! ಬರಿಗಣ್ಣಲ್ಲಿ ನೋಡಿದ್ರೆ ಕಣ್ಣು ಹೋದಾವು!"

ಬೆಳಕು ಚಿಮ್ಮಿತು. ನಾನು ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದೆ. ದಡದ ಜನ ಸೆರಗು, ಟವಲು, ಅಂಗೈ ಮುಚ್ಚಿಕೊಂಡರು. ಆಚೆ ದಡದಲ್ಲಿ ಇಡೀ ಪುರಸಭೆ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು, "ನಿಲ್ಸಿ, ನಿಲ್ಸಿ" ಎಂದು ಕೂಗುತ್ತಿತ್ತು. ನೋಡದೆ ಹಿಡಿಯಲು ಬರುವುದು ಯಾರು? ಶೇಷಗಿರಿ ಧೈರ್ಯ ಮಾಡಿ ಓಡಿ ಬಂದವನು ಬಾಳೆಕಂದಿಗೆ ಡಿಕ್ಕಿ ಹೊಡೆದು ಅಲ್ಲೇ ಕೂತ. ಇಷ್ಟು ವರ್ಷ ಅವರು ಬೇಕೆಂದೇ ಕಣ್ಣು ಮುಚ್ಚಿಕೊಂಡಿದ್ದರು. ಅವತ್ತು ಬೇಡವೆಂದರೂ ಮುಚ್ಚಿಕೊಳ್ಳಬೇಕಾಯಿತು.

ಬೆಳಕು ಆರಿತು. ದಾಕ್ಷಾಯಿಣಿ ಎದ್ದು ನಿಂತು ಕವಚ ತೆಗೆದಳು. ಬೆವರು ಇಳಿಯುತ್ತಿತ್ತು, ಕುಂಕುಮ ಕರಗಿ ಮೂಗಿನವರೆಗೆ ಬಂದಿತ್ತು. ಊರಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಅಂಗಡಿ. ಆರ್. ನಿಂಗರಾಜು."

ಎಡಗಾಲನ್ನು ಎತ್ತಿ ಅಂಗಡಿಯ ಕವಲಿನ ಮೇಲಿಟ್ಟಳು.

ಬಲಗವಲು ಕಿರುಗುಟ್ಟಿತು. ಆ ಸದ್ದು ನನಗೆ ಗೊತ್ತು. ಯಾರನ್ನು ಮರೆತರೂ ಆ ಸದ್ದನ್ನು ನಾನು ಮರೆತಿಲ್ಲ. ಕವಲು ಹಿಂದಕ್ಕೆ ಜಗ್ಗಿತು, ಹಲಗೆ ನರಳಿತು, ಬೆಸುಗೆಯ ಗೆರೆ ಇನ್ನೂ ಕೆಂಪಗಿತ್ತು. ದಾಕ್ಷಾಯಿಣಿ ತಿರುಗಿ ನಿಂಗರಾಜುವಿನ ಮುಖ ನೋಡಿದಳು. ದಾರಿಹೋಕನನ್ನು ನೋಡುವ ನೋಟ ಅದು.

"ಯಾರ್ರೀ ನೀವು? ಇಲ್ಲಿ ಯಾಕೆ ನಿಂತಿದ್ದೀರಾ?" ಎಂದಳು.

ನಿಂಗರಾಜು ಓಡಲಿಲ್ಲ, ಅಳಲಿಲ್ಲ. ಜಗ್ಗುತ್ತಿದ್ದ ಕವಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ಕುಕ್ಕರಿಸಿದ. "ಕಂಬಿ ಮುರಿದಿದೆ ಮೇಡಮ್ಮಾವ್ರೇ" ಎಂದ, ಮೊದಲ ದಿನ ಅಂಗಡಿಗೆ ಬಂದು ಹೇಳಿದ ಹಾಗೆ. "ಸ್ವಲ್ಪ ನೋಡ್ತೀರಾ?"

ನಾನೂ ಕೊಡೆ ಬಿಸಾಡಿ ಹಿಡಿದುಕೊಂಡೆ. ನನ್ನ ಕೈಬಲ ಎಷ್ಟರದು, ಅದರಿಂದ ಏನೂ ಆಗಿರಲಾರದು. ಹಿಡಿದದ್ದು ಅವಳ ಬೆಸುಗೆಯೇ. ಕವಲು ಇನ್ನೊಮ್ಮೆ ಜಗ್ಗಿತು, ಮತ್ತೊಮ್ಮೆ ಜಗ್ಗಿತು. ಆಮೇಲೆ ಹಟ ಬಿಟ್ಟ ಎತ್ತಿನಂತೆ ನಿಂತುಬಿಟ್ಟಿತು. ದಾಕ್ಷಾಯಿಣಿ ಕಣ್ಣು ಪಿಳುಕಿಸಿದಳು. ನಿಂಗರಾಜುವನ್ನು ನೋಡಿದಳು, ಕೆಳಗೆ ಬೆಸುಗೆಯ ಗೆರೆ ನೋಡಿದಳು.

"ಏನ್ರೀ, ಮದುವೆ ದಿನ ಕುಕ್ಕರಿಸಿಕೊಂಡು ಕೂತಿದ್ದೀರಾ? ಏಳಿ ಮೇಲೆ" ಎಂದಳು. ಬಲಗಾಲನ್ನು ಎತ್ತಿ ಅವನ ಕವಲಿನ ಮೇಲಿಟ್ಟಳು. ಎರಡೂ ನಿಂತಿದ್ದವು. ದಡದಲ್ಲಿ ಯಾರೋ ಕೇಕೆ ಹಾಕಿದರು. ಆಮೇಲೆ ಎಲ್ಲರೂ ಹಾಕಿದರು. ದಿಬ್ಬಣದ ಓಲಗದವರು ವಾಮದೇವನನ್ನು ಬಿಟ್ಟು ಇತ್ತ ತಿರುಗಿ ಊದಿದರು.

ಆಚೆ ದಡದಿಂದ ಮುರುಗೇಂದ್ರಪ್ಪನವರು ಕುಂಯ್‌ಗುಡುತ್ತಿದ್ದ ಮೈಕು ಹಿಡಿದು ಅರಚಿದರು. "ಟೀಚರೇ! ಇದು ಆರ್ ಅಲ್ಲ! ಸರಿಯಿಲ್ಲ ಅಂತ ಹೇಳಿ! ನೀವು ಸರಿಯಿಲ್ಲ ಅಂದ್ರೆ ಇದು ನಡೆಯಲ್ಲ!"

ಇಡೀ ಊರು ನನ್ನ ಕಡೆ ನೋಡಿತು. ನಾನು ಸೀರೆಯ ನಿರಿಗೆ ಸರಿಮಾಡಿಕೊಂಡು ಎದ್ದು ನಿಂತೆ.

"ಪದ ಸ್ಪಷ್ಟವಾಗಿ ಬಂತಾ ಅಂತ ಹೇಳೋದಷ್ಟೇ ನನ್ನ ಕೆಲಸ ಅಂತ ನೀವೇ ಕಲಿಸಿದ್ರಿ. ಬಂತು. ನಿಮ್ಮ ಅಕ್ಕನ ಮಗನಿಗಿಂತ ಸ್ಪಷ್ಟವಾಗಿ ಬಂತು. ಆರ್ ಅಂದಳು, ಎರಡನ್ನೂ ಜೋಡಿಸಿದಳು. ಇಷ್ಟು ವರ್ಷ ನಾನು ಮಕ್ಕಳಿಗೆ ಹೇಳ್ಕೊಟ್ಟಿದ್ದು ಇದನ್ನೇ."

ಅವರಿಬ್ಬರೂ ಆಚೆಗೆ ನಡೆದು, ಪುರಸಭೆಯ ಅಂಗಳದಲ್ಲಿ ಒಂದು ಸುತ್ತು ಹಾಕಿ, ಮುರುಗೇಂದ್ರಪ್ಪನವರ ಕುರ್ಚಿಯ ಪಕ್ಕದಲ್ಲೇ ಹಾದು ಆ್ಯಂಡ್ ಸೇತುವೆಯ ಮೇಲೆ ವಾಪಸು ಬಂದರು. ಅವಳೇ ಬೆಸೆದ ಕಟಕಟೆಯ ಮೇಲೆ ಕೈಯಾಡಿಸುತ್ತಾ ಬಂದಳು.

ಮರುದಿನವೇ ಪುರಸಭೆ ಸಭೆ ಸೇರಿ, ಆ ಹಲಗೆಯನ್ನು ಕೂಡಲೇ ಕತ್ತರಿಸಿ ತೆಗೆಯಬೇಕು ಎಂದು ತೀರ್ಮಾನಿಸಿತು. ಕತ್ತರಿಸುವವರು ಯಾರು? ಊರಿಗೆಲ್ಲ ಇರುವುದು ಒಂದೇ ವೆಲ್ಡಿಂಗ್ ಅಂಗಡಿ. ಶೇಷಗಿರಿ ಬಂದು ಅಂಗಡಿಯ ಮುಂದೆ ನಿಂತ. ದಾಕ್ಷಾಯಿಣಿ ಕವಚ ಮೇಲೆತ್ತಿ, "ತಕರಾರಾ? ತಕರಾರಿದ್ದೋರು ಬಟ್ ಸೇತುವೆ ಮೇಲೆ ಬಂದು ಹೇಳೋದು ಪದ್ಧತಿ ಅಲ್ವಾ?" ಎಂದಳು. ಅಧ್ಯಕ್ಷರೇ ಖುದ್ದಾಗಿ ಬಂದು ಬಟ್ ಸೇತುವೆಯ ತಿರುವಿನಲ್ಲಿ ನಿಂತು ಕೂಗಿದರು. ಅವಳು ಅಂಗಡಿಯ ಬಾಗಿಲಿನಿಂದಲೇ, "ಆಯ್ತಾಯ್ತು, ನೋಡೋಣ" ಎಂದು ಕೈ ಬೀಸಿದಳು.

ಹಲಗೆ ಇನ್ನೂ ಅಲ್ಲೇ ಇದೆ. ಹುಣ್ಣಿಮೆಯ ಬೆಳಗ್ಗೆ ಆರ್ ಸೇತುವೆಯ ಬುಡದಲ್ಲಿ ಈಗ ಹೆಂಗಸರ ಸಾಲು ನಿಲ್ಲುತ್ತದೆ, ಬಡವರ ಸಾಲು ನಿಲ್ಲುತ್ತದೆ. ಶೇಷಗಿರಿ ಆರ್ ಎಂದರೆ ಅವರು ನಗುತ್ತಾರೆ. ನಾನು ಕೊಡೆ ಹಿಡಿದು ನಿಂತು ಪ್ರತಿಯೊಬ್ಬರಿಗೂ ಸ್ಪಷ್ಟವಾಗಿದೆ ಎಂದು ಸಾಕ್ಷಿ ಹೇಳುತ್ತೇನೆ. ತೊದಲಿದರೂ ಹೇಳುತ್ತೇನೆ. ಟೀಚರ್‌ಗೆ ಕಿವಿ ಮಂದ ಎಂದು ಅವರೇ ಹೇಳಿದ್ದಾರಲ್ಲ.

ಒಂದು ದಿನ ದಾಸಪ್ಪನನ್ನು ಕರೆದುಕೊಂಡು ಹೋಗಿ ಹಲಗೆಯ ಮೇಲೆ ನಿಲ್ಲಿಸಿದೆ, ಕೈಗೆ ಓಲಗ ಕೊಟ್ಟೆ. ತಿರುಗಿಸಿ ನೋಡಿ, ನಲ್ಲಿಗೆ ಹಾಕೋದಾ ಎಂದ. ಹಿಂದೆ ಹೋದದ್ದು ಬೆಸುಗೆಯಿಂದ ಬರುವುದಿಲ್ಲ. ದಾಕ್ಷಾಯಿಣಿ ನನ್ನ ಪಕ್ಕ ನಿಂತು, "ನೀವೂ ಒಂದು ಸಲ ನಿಂತು ನೋಡಿ ಟೀಚರೇ" ಎಂದಳು. ನಿಂತೆ. ಕೆಳಗೆ ಹೊಳೆ ಹರಿಯುತ್ತಿತ್ತು.

ಗುಂಗುರು ಕೂದಲು ಎಂದು ತಂಗಿ ಹೇಳುತ್ತಾಳೆ. ಇರಬಹುದು. ಅವರ ಹೆಸರು ನನಗೆ ನೆನಪಾಗಲಿಲ್ಲ, ಇನ್ನು ಆಗುವುದೂ ಇಲ್ಲ. ಅದನ್ನು ನನ್ನಿಂದ ಕಿತ್ತುಕೊಂಡವರ ಹೆಸರುಗಳು ಮಾತ್ರ ಒಂದೂ ಮರೆತಿಲ್ಲ.